ಮಲಗುವ ಮೊದಲಿನ ಎರಡು ಗಂಟೆ



ಆರೋಗ್ಯದ ಬಗ್ಗೆ ಏನಾದರೂ ಮಾತಾಡಿ ಎಂದು ಈ ದತ್ತಿ ಉಪನ್ಯಾಸದ ಸಂಘಟಕರು ಕೇಳಿದಾಗ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯಾಘಾತ ಈ ಮೂರೂ ಅವರ ಪಟ್ಟಿಯಲ್ಲಿದ್ದವು. ಆ ಮೂರರ ಬಗ್ಗೆ ಮಾತಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಮೂರಕ್ಕೂ ನಂಟಿರುವ, ಆದರೆ ಯಾರೂ ಅಷ್ಟಾಗಿ ಲಕ್ಷ್ಯ ಕೊಡದ ಒಂದು ಹೊತ್ತಿನ ಬಗ್ಗೆ ನಾನು ಮಾತಾಡಬೇಕೆಂದಿದ್ದೇನೆ. ಅದು ದೀಪ ಹಚ್ಚಿದ ಮೇಲೆ ಹಾಸಿಗೆ ಸೇರುವವರೆಗಿನ ಹೊತ್ತು.

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ವೈದ್ಯನಾಗಿ ಬಾಳು ಕಳೆದವನು. ‘ನಿದ್ದೆ ಬರ್ತಿಲ್ಲ ಡಾಕ್ಟ್ರೇ, ಒಂದು ಮಾತ್ರೆ ಬರ್ಕೊಡಿ’ ಎಂದು ಬರುವವರು ಎದುರು ಕೂತು ಹೇಳುವುದೆಲ್ಲ ಹಾಸಿಗೆಯ ಮೇಲೆ ನಡೆದದ್ದನ್ನು. ಎಷ್ಟು ಸಲ ಮಗ್ಗುಲು ಬದಲಿಸಿದೆ, ಎಷ್ಟು ಗಂಟೆಗೆ ಗಡಿಯಾರ ನೋಡಿದೆ, ಬೆಳಗಿನ ಜಾವ ಒಂದಿಷ್ಟು ಜೊಂಪು ಹತ್ತಿದ್ದು ಯಾವಾಗ. ನಾನು ಕೇಳುವುದು ಬೇರೆ. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಎಲ್ಲಿ ಕೂತಿದ್ದಿರಿ, ಏನು ಕುಡಿದಿರಿ, ಎಷ್ಟು ಹೊತ್ತಿಗೆ ಉಂಡಿರಿ, ಯಾರ ಜೊತೆ ಏನು ಮಾತಾಡಿದಿರಿ? ಈ ಪ್ರಶ್ನೆಗೆ ಅವರ ಬಳಿ ತಟ್ಟನೆ ಉತ್ತರವಿರುವುದಿಲ್ಲ. ನೆನಪು ಮಾಡಿಕೊಳ್ಳುತ್ತಾ ಹೋದಂತೆ ಅನೇಕರಿಗೆ ಸಂಜೆಯೇ ಇರಲಿಲ್ಲ ಎನ್ನುವುದು ಗೊತ್ತಾಗುತ್ತದೆ. ಕೆಲಸ ಮುಗಿಯಿತು, ಹಾಸಿಗೆ ಬಂತು. ನಡುವೆ ಏನೂ ಇಲ್ಲ.

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ನಮ್ಮಲ್ಲಿದೆ. ನಿದ್ದೆಗೆ ಗದ್ದಲಕ್ಕಿಂತ ಕಳವಳವೇ ದೊಡ್ಡ ಶತ್ರು ಎನ್ನುವುದು ಅದರ ತಾತ್ಪರ್ಯ; ನನ್ನ ಅನುಭವವೂ ಬಹುಮಟ್ಟಿಗೆ ಅದೇ. ಆದರೆ ಗಾದೆ ಹೇಳದೆ ಬಿಟ್ಟ ಅರ್ಧ ಭಾಗವೊಂದಿದೆ. ಮನಸ್ಸು ಎಷ್ಟೇ ನಿಶ್ಚಿಂತೆಯಾಗಿರಲಿ, ದೇಹಕ್ಕೆ ತನ್ನದೇ ಆದ ಲೆಕ್ಕಾಚಾರವಿದೆ. ಅದನ್ನು ತಿಳಿಯದೆ ಸಂಜೆಯನ್ನು ಸರಿಮಾಡಿಕೊಳ್ಳಲಾಗದು.

ಜ್ಯೂರಿಕ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ಮಂಡಿಸಿದ ವಿವರಣೆಯೊಂದು ಇಂದಿಗೂ ನಿದ್ರಾವಿಜ್ಞಾನದ ತಳಪಾಯವಾಗಿದೆ. ಅದರಂತೆ ನಿದ್ದೆಯನ್ನು ನಿರ್ಧರಿಸುವುದು ಎರಡು ಸಂಗತಿಗಳು. ಒಂದು, ಎಚ್ಚರವಿದ್ದಷ್ಟು ಹೊತ್ತೂ ಏರುತ್ತಾ ಹೋಗುವ ನಿದ್ದೆಯ ಒತ್ತಡ. ನಾವು ಎದ್ದ ಗಳಿಗೆಯಿಂದ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಶೇಖರವಾಗುತ್ತಾ ಬರುತ್ತದೆ. ಮಲಗಿದಾಗ ಅದು ಕರಗುತ್ತದೆ. ಇನ್ನೊಂದು, ಮಿದುಳಿನ ತಳಭಾಗದಲ್ಲಿ, ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲಿರುವ ಪುಟ್ಟ ಗಡಿಯಾರ. ಸುಮಾರು 20 ಸಾವಿರ ನರಕೋಶಗಳ ಗುಂಪು ಅದು. ಬೆಳಗು ಬೈಗುಗಳನ್ನು ದೇಹದ ಪ್ರತಿ ಅಂಗಕ್ಕೂ ತಿಳಿಸುವುದು ಅದರ ಕೆಲಸ. ಒತ್ತಡ ಸಾಕಷ್ಟು ಏರಿ, ಗಡಿಯಾರವೂ ರಾತ್ರಿಯಾಯಿತು ಎಂದಾಗ ಮಾತ್ರ ಕಣ್ಣು ತಾನಾಗಿ ಮುಚ್ಚುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ನಾವು ದಿನವೂ ಮಲಗುವ ಹೊತ್ತಿಗೆ ಎರಡು ಮೂರು ಗಂಟೆ ಮೊದಲು ಈ ಗಡಿಯಾರ ದೇಹವನ್ನು ಎಲ್ಲಕ್ಕಿಂತ ಹೆಚ್ಚು ಎಚ್ಚರವಾಗಿಡುತ್ತದೆ. ದಿನವಿಡೀ ಏರಿದ ದಣಿವನ್ನು ತಡೆದು ನಿಲ್ಲಿಸಲು ಅದು ಹಾಗೆ ಮಾಡಬೇಕಾಗುತ್ತದೆ. ನಾಳೆ ಮುಂಜಾನೆ ನಾಲ್ಕರ ಬಸ್ಸು ಹಿಡಿಯಬೇಕೆಂದು ಎಂಟೂವರೆಗೇ ಮಲಗಿದವರು ಹನ್ನೊಂದರವರೆಗೆ ಹೊರಳಾಡುವುದು ಇದರಿಂದಲೇ. ಅದು ಕಾಯಿಲೆಯಲ್ಲ. ಆ ಹೊತ್ತು ಮಲಗುವುದಕ್ಕಲ್ಲ, ಎದ್ದು ಕೂತು ನಿಧಾನಕ್ಕೆ ಇಳಿದುಬರುವುದಕ್ಕೆ. ತಾಂಜಾನಿಯಾದ ಹಾಡ್ಜಾ, ನಮೀಬಿಯಾದ ಸಾನ್, ಬೊಲಿವಿಯಾದ ಸಿಮಾನೆ ಎಂಬ ವಿದ್ಯುತ್ತಿಲ್ಲದ ಮೂರು ಸಮುದಾಯಗಳ ನಿದ್ದೆಯನ್ನು ಅಳೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅವರು ಕೂಡ ಹೊತ್ತು ಮುಳುಗಿದೊಡನೆ ಮಲಗುವವರಲ್ಲ. ಸರಾಸರಿ ಮೂರು ಗಂಟೆಗೂ ಹೆಚ್ಚು ಹೊತ್ತು ಎಚ್ಚರವಿರುತ್ತಾರೆ. ಮನುಷ್ಯನಿಗೆ ದೀರ್ಘವಾದ ಸಂಜೆ ಎಂದಿನಿಂದಲೂ ಇತ್ತು. ಅದು ಮಂದ ಬೆಳಕಿನ, ಮಾತಿನ, ತಣಿಯುವ ಸಂಜೆ. ನಾವು ಕಳೆದುಕೊಂಡಿರುವುದು ಅದನ್ನು.

ಜೈವಿಕ ಗಡಿಯಾರದ ವಿಷಯ ಬಂದಾಗ ವಿದೇಶದ ಹೆಸರುಗಳನ್ನಷ್ಟೇ ಹೇಳಿ ಮುಂದೆ ಹೋಗಲು ನನಗೆ ಮನಸ್ಸಾಗದು. 2017ರ ನೊಬೆಲ್ ಪ್ರಶಸ್ತಿ ಈ ಗಡಿಯಾರದ ಜೀನುಗಳು ಕೆಲಸ ಮಾಡುವ ಬಗೆಯನ್ನು ಕಂಡುಹಿಡಿದ ಹಾಲ್, ರೋಸ್‌ಬಾಶ್, ಯಂಗ್ ಅವರಿಗೆ ಸಂದಿತು. ಅದಕ್ಕೆ ಎಷ್ಟೋ ವರ್ಷ ಮೊದಲೇ ಎಂ.ಕೆ. ಚಂದ್ರಶೇಖರನ್ ಎಂಬ ವಿಜ್ಞಾನಿ ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಗುಹೆಯ ಬಾವಲಿಗಳು ಕತ್ತಲಲ್ಲೂ ಹೊತ್ತನ್ನು ಹೇಗೆ ತಿಳಿಯುತ್ತವೆ ಎಂದು ಅಭ್ಯಾಸ ಮಾಡಿದರು. ಗಡಿಯಾರವಾಗಲಿ ಹಗಲು ಬೆಳಕಾಗಲಿ ಇಲ್ಲದ ಕೋಣೆಯಲ್ಲಿ ಸ್ವಯಂಸೇವಕರನ್ನು ಇರಿಸಿ ಮನುಷ್ಯರ ಲಯವನ್ನೂ ದಾಖಲಿಸಿದರು. ಮುಂದೆ ಅವರು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. ಅಲ್ಲಿ ಹಣ್ಣುನೊಣಗಳ ಮೇಲೆ ಇದೇ ವಿಷಯದ ಸಂಶೋಧನೆ ಬೆಳೆಯಿತು. ಮನುಷ್ಯನ ಒಳಗಡಿಯಾರ ಸರಾಸರಿ 24 ಗಂಟೆಗಿಂತ ತುಸು ನಿಧಾನ ಎಂಬುದು ಈಗ ಚೆನ್ನಾಗಿ ತಿಳಿದ ಸಂಗತಿ. ಅದನ್ನು ದಿನವೂ ಬೆಳಗಿನ ಬೆಳಕು ಸರಿಪಡಿಸಬೇಕು. ಸಂಜೆಯ ಬೆಳಕು ಅದನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ.

ಹಾಗಾಗಿ ಮೊದಲ ಮಾತು ಬೆಳಕಿನದು. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಅದು ನಾಡಿಗೆ ಬಂದ ದೊಡ್ಡ ಭಾಗ್ಯ. ರಾತ್ರಿ ಹೆರಿಗೆ ಮಾಡಿಸುವ ವೈದ್ಯನಿಗಿಂತ ಚೆನ್ನಾಗಿ ಅದನ್ನು ಬಲ್ಲವರಿಲ್ಲ. ಆದರೆ ನಮ್ಮ ಕಣ್ಣಿನ ಲೆಕ್ಕವನ್ನು ನೋಡಿ. ಬಟಾಬಯಲಿನ ಬಿಸಿಲಿನಲ್ಲಿ ಬೆಳಕು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ; ಲಕ್ಸ್ ಎಂದರೆ ಬೆಳಕಿನ ಅಳತೆ. ಟ್ಯೂಬ್‌ಲೈಟ್ ಉರಿಯುವ ಹಜಾರದಲ್ಲಿ 100ರಿಂದ 300 ಲಕ್ಸ್. ದೇವರ ಮುಂದಿನ ಎಣ್ಣೆದೀಪದ ಬಳಿ ಕೆಲವೇ ಲಕ್ಸ್. ಹಗಲಿಗೆ ಹೋಲಿಸಿದರೆ ಮನೆಯ ದೀಪ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಕತ್ತಲಾದ ಮೇಲೆ ಗಡಿಯಾರಕ್ಕೆ ಅಷ್ಟೇ ಸಾಕು. ನೋಟಕ್ಕೆ ಬೇಕಾದ ಕೋಶಗಳಲ್ಲದೆ, ಬರೀ ಹಗಲು ಇರುಳನ್ನು ಗುರುತಿಸಿ ಗಡಿಯಾರಕ್ಕೆ ಸುದ್ದಿ ಮುಟ್ಟಿಸುವ ಪ್ರತ್ಯೇಕ ಕೋಶಗಳು ಕಣ್ಣಿನ ಅಕ್ಷಿಪಟಲದಲ್ಲಿವೆ ಎಂದು 2002ರಲ್ಲಿ ಸ್ಪಷ್ಟವಾಯಿತು. ಅವು ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ. ಮಲಗುವ ಮುಂಚಿನ ಗಂಟೆಗಳನ್ನು 200 ಲಕ್ಸಿಗೂ ಕಡಿಮೆಯ ಸಾಮಾನ್ಯ ಕೋಣೆಯ ಬೆಳಕಿನಲ್ಲಿ ಕಳೆದವರನ್ನೂ ತೀರ ಮಂದ ಬೆಳಕಿನಲ್ಲಿ ಕಳೆದವರನ್ನೂ 2011ರ ಪ್ರಯೋಗವೊಂದು ಹೋಲಿಸಿ ನೋಡಿತು. ಇರುಳಾಯಿತೆಂದು ದೇಹಕ್ಕೆ ಸಾರುವ ಮೆಲಟೋನಿನ್ ಹಾರ್ಮೋನಿನ ಅವಧಿ ಸಾಮಾನ್ಯ ಬೆಳಕಿನಲ್ಲಿ ಸುಮಾರು ಒಂದೂವರೆ ಗಂಟೆ ಮೊಟಕಾಗಿತ್ತು.

ಇದಕ್ಕೆ ದುಬಾರಿ ಕನ್ನಡಕವನ್ನೋ ವಿಶೇಷ ಬಲ್ಬನ್ನೋ ಕೊಳ್ಳಬೇಕಾಗಿಲ್ಲ. ರಾತ್ರಿ ಊಟದ ಪಾತ್ರೆ ಎತ್ತಿದ ಮೇಲೆ ಹಜಾರದ ಟ್ಯೂಬ್‌ಲೈಟ್ ಆರಿಸಿ, ಮೂಲೆಯಲ್ಲಿ ಒಂದು ಹಳದಿ ಬಲ್ಬು ಹಾಕಿಕೊಳ್ಳಿ. ತಲೆಯ ಮೇಲಿಂದ ಸುರಿಯುವ ಬೆಳಕಿಗಿಂತ ಸೊಂಟದ ಮಟ್ಟದಲ್ಲಿರುವ ಬೆಳಕು ಒಳ್ಳೆಯದು. ಬೆಳಗ್ಗೆ ಎದ್ದೊಡನೆ ಅಂಗಳಕ್ಕೋ ತಾರಸಿಗೋ ಹೋಗಿ ಒಂದಿಷ್ಟು ಹೊತ್ತು ನಿಲ್ಲಿ. ರಾತ್ರಿಯ ನಿದ್ದೆಯ ಅರ್ಧ ಕೆಲಸ ಅಲ್ಲೇ ಶುರುವಾಗಿರುತ್ತದೆ.

ಮೊಬೈಲಿನ ಬಗ್ಗೆ ಎಲ್ಲರೂ ಹೇಳುವುದನ್ನು ನಾನು ತುಸು ಬೇರೆಯಾಗಿ ಹೇಳಬೇಕು. ಅದರ ಪರದೆಯ ನೀಲಿ ಬೆಳಕನ್ನು ನಾವು ಅತಿಯಾಗಿ ದೂರಿದ್ದೇವೆ. ಮಲಗುವ ಮುನ್ನ ನಾಲ್ಕು ಗಂಟೆ ಕಾಲ ಬೆಳಗುವ ಪರದೆಯ ಮೇಲೆ ಓದಿಸಿದ 2015ರ ಪ್ರಯೋಗದಲ್ಲಿ ನಿದ್ದೆ ಹತ್ತುವುದು ತಡವಾದದ್ದು ಹತ್ತು ನಿಮಿಷದಷ್ಟು. ದೊಡ್ಡ ನಷ್ಟ ಬೆಳಕಿನಿಂದ ಅಲ್ಲ, ಅದರಲ್ಲಿ ಬರುವ ಸಂಗತಿಗಳಿಂದ. ಹತ್ತೂವರೆಗೆ ಕಚೇರಿಯ ಗುಂಪಿನಲ್ಲಿ ಬಂದ ಒಂದು ಸಂದೇಶ, ಹನ್ನೊಂದಕ್ಕೆ ಯಾರದೋ ಸಾವಿನ ವಿಡಿಯೊ, ಆಮೇಲೆ ಮುಗಿಯದೆ ಜಾರುತ್ತಾ ಹೋಗುವ ರೀಲ್ಸ್. ಓದುವ ಪುಸ್ತಕಕ್ಕೆ ಅಧ್ಯಾಯ ಮುಗಿಯುವ ಜಾಗವಿದೆ, ರೇಡಿಯೊ ನಾಟಕಕ್ಕೆ ಮಂಗಳವಿತ್ತು, ಇದಕ್ಕೆ ಕೊನೆಯೇ ಇಲ್ಲ. ನೈಟ್ ಮೋಡ್ ಹಾಕಿಕೊಂಡರೆ ಸಾಲದು. ಫೋನನ್ನು ಚಾರ್ಜಿಗೆ ಹಾಕುವ ಜಾಗ ಮಲಗುವ ಕೋಣೆಯ ಹೊರಗಿರಲಿ. ಅಲಾರಾಂ ಬೇಕಲ್ಲ ಎಂದರೆ ಒಂದು ಅಲಾರಾಂ ಗಡಿಯಾರ ಕೊಳ್ಳಿ.

ಇನ್ನು ಮೈಯ ವಿಷಯ. ಹೆಚ್ಚು ಹೊತ್ತು ಇಲ್ಲಿ ನಿಲ್ಲುತ್ತೇನೆ, ಏಕೆಂದರೆ ನಮ್ಮ ಹಿರಿಯರ ರೂಢಿಯೂ ಈ ಕಾಲದ ಪ್ರಯೋಗವೂ ಇಲ್ಲಿ ಕೈ ಹಿಡಿದು ನಡೆಯುತ್ತವೆ. ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಶಾಖ ಇಳಿಯಬೇಕು. ಅದು ಇಳಿಯುವ ದಾರಿ ಕೈಕಾಲುಗಳು. ಸಂಜೆ ಕಳೆದಂತೆ ಅಂಗೈ ಅಂಗಾಲುಗಳ ರಕ್ತನಾಳಗಳು ಹಿಗ್ಗಿ, ಒಳಗಿನ ಬಿಸಿ ಅಲ್ಲಿಂದ ಹೊರಬೀಳುತ್ತದೆ. ನಿದ್ದೆಗಣ್ಣಿನ ಮಗುವಿನ ಪಾದ ಮುಟ್ಟಿ ನೋಡಿದ ಯಾವ ತಾಯಿಗೂ ಅದು ಗೊತ್ತು, ಬೆಚ್ಚಗಿರುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕುರ್ಟ್ ಕ್ರೌಹಿ ಮತ್ತು ಸಂಗಡಿಗರು ಇದನ್ನು ಅಳೆದು 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೇಗ ನಿದ್ದೆ ಹತ್ತುವುದನ್ನು ಮುಂಗಾಣಿಸುವ ಸೂಚನೆಗಳಲ್ಲಿ ಕೈಕಾಲು ಬೆಚ್ಚಗಾಗಿರುವುದೇ ಪ್ರಬಲವಾದದ್ದು ಎಂದು ಅವರು ಕಂಡುಕೊಂಡರು. ಮಲಗುವ ಒಂದೆರಡು ಗಂಟೆ ಮೊದಲು 40ರಿಂದ 42.5 ಡಿಗ್ರಿ ಸೆಲ್ಸಿಯಸ್‌ನ ಬಿಸಿನೀರಿನಲ್ಲಿ ಹತ್ತು ನಿಮಿಷ ಮಿಂದರೆ ಅಥವಾ ಪಾದ ತೊಯ್ಸಿಕೊಂಡರೆ ನಿದ್ದೆ ಸುಮಾರು ಹತ್ತು ನಿಮಿಷ ಬೇಗ ಹತ್ತುತ್ತದೆ ಎಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆ ಹೇಳಿತು. ಮೇಲಿನ ಚರ್ಮ ಬಿಸಿಯಾದಾಗ ರಕ್ತ ಹೊರಕ್ಕೆ ಹರಿದು ಒಳಗು ತಣಿಯುತ್ತದೆ. ಮಲಗುವ ಗಳಿಗೆಯಲ್ಲೇ ಮಿಂದರೆ ಇದಕ್ಕೆ ಹೊತ್ತು ಸಾಲದು.

ಮಲೆನಾಡಿನಲ್ಲೂ ಕರಾವಳಿಯಲ್ಲೂ ತೋಟ ಗದ್ದೆಯ ಕೆಲಸ ಮುಗಿಸಿ ಬಂದವರು ಸಂಜೆ ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಮೀಯುತ್ತಿದ್ದರು, ಈಗಲೂ ಮೀಯುವವರಿದ್ದಾರೆ. ಬಯಲುಸೀಮೆಯಲ್ಲಿ ನೀರು ತತ್ವಾರವಾದ ಊರುಗಳಲ್ಲಿಯೂ ಕೈಕಾಲು ಮುಖ ತೊಳೆಯದೆ ಒಳಗೆ ಬರುವ ಪದ್ಧತಿಯಿರಲಿಲ್ಲ. ರಾತ್ರಿ ಅಂಗಾಲಿಗೆ ಒಂದಿಷ್ಟು ಎಣ್ಣೆ ತಿಕ್ಕಿಸಿಕೊಳ್ಳುವ ಹಿರಿಯರನ್ನು ನೀವೆಲ್ಲ ನೋಡಿದ್ದೀರಿ. ಅಭ್ಯಂಗದಲ್ಲಿ ತಲೆ, ಕಿವಿ, ಪಾದಗಳಿಗೆ ವಿಶೇಷ ಗಮನ ಕೊಡಬೇಕೆಂದು ವಾಗ್ಭಟನ ಅಷ್ಟಾಂಗಹೃದಯ ಹೇಳುತ್ತದೆ. ಚರಕಸಂಹಿತೆ ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ದೇಹದ ಮೂರು ಆಧಾರಗಳೆಂದು ಎಣಿಸಿ, ನಿದ್ದೆಗೆಟ್ಟವರಿಗೆ ಎಣ್ಣೆ ನೀವುವುದು, ಸ್ನಾನ, ಎಮ್ಮೆಯ ಹಾಲು, ಮನಸ್ಸಿಗೆ ಹಿತವಾದ ಸದ್ದು ಮತ್ತು ಪರಿಮಳ ಇವನ್ನು ಹೇಳುತ್ತದೆ. ನಾನು ಆಧುನಿಕ ವೈದ್ಯಕೀಯ ಓದಿದವನು. ಎಣ್ಣೆಯಲ್ಲಿ ಔಷಧವಿದೆ ಎಂದು ನಾನು ಹೇಳುವುದಿಲ್ಲ. ತಿಕ್ಕಿದಾಗ ಪಾದ ಬೆಚ್ಚಗಾಗುತ್ತದೆ, ಮುದಿ ಕಾಲಿನ ಮೇಲೆ ಮಗನದೋ ಸೊಸೆಯದೋ ಕೈ ಆಡುತ್ತದೆ. ಆ ಎರಡೂ ನಿಜವಾದ ಉಪಚಾರಗಳೇ. ಎಣ್ಣೆ ಹಚ್ಚಿದ ಕಾಲಲ್ಲಿ ಕಡಪಾಕಲ್ಲಿನ ನೆಲದ ಮೇಲೆ ವಯಸ್ಸಾದವರು ನಡೆದಾಡದಂತೆ ಮಾತ್ರ ನೋಡಿಕೊಳ್ಳಿ; ಜಾರಿಬಿದ್ದು ಸೊಂಟ ಮುರಿದುಕೊಂಡವರನ್ನು ಸಾಕಷ್ಟು ನೋಡಿದ್ದೇನೆ.

ಊಟ ಮತ್ತು ಕಾಫಿಯ ವಿಷಯ ಬೇಗ ಮುಗಿಸುತ್ತೇನೆ, ನಿಮಗೆ ತಿಳಿದದ್ದೇ ಹೆಚ್ಚು. ಮಲಗುವುದಕ್ಕೂ ಉಣ್ಣುವುದಕ್ಕೂ ಎರಡು ಮೂರು ಗಂಟೆ ಅಂತರವಿರಲಿ. ಹುಳಿತೇಗು, ಎದೆಯುರಿಯಿಂದ ರಾತ್ರಿ ಏಳುವವರಿಗೆ ಅದೊಂದೇ ಸಾಕಾಗಬಹುದು. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವ ನಾಡು ನಮ್ಮದು. ಫಿಲ್ಟರ್ ಕಾಫಿಯನ್ನು ಬಿಡಿ ಎನ್ನುವ ಧೈರ್ಯವೂ ನನಗಿಲ್ಲ, ಅಗತ್ಯವೂ ಇಲ್ಲ. ಆದರೆ ಕಾಫಿಯ ಕೆಫೀನ್ ಮಾಡುವುದೇನು? ಆಗಲೇ ಹೇಳಿದ ಅಡಿನೋಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತು, ದಣಿವು ತಿಳಿಯದಂತೆ ಮಾಡುತ್ತದೆ. ಅದರ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಐದೂವರೆಗೆ ಕುಡಿದದ್ದರಲ್ಲಿ ಅರ್ಧ ಹತ್ತೂವರೆಗೂ ಇರುತ್ತದೆ. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ಕೊಟ್ಟು ನೋಡಿದ 2013ರ ಅಧ್ಯಯನದಲ್ಲಿ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾಗಿತ್ತು. ‘ಕಾಫಿ ಕುಡಿದೇ ಮಲಗ್ತೀನಿ, ನನಗೇನೂ ಆಗಲ್ಲ’ ಎನ್ನುವವರಿಗೆ ನಿದ್ದೆ ಬರುತ್ತದೆ ನಿಜ, ಅದರ ಆಳ ಕಡಿಮೆಯಾಗುವುದು ಅವರಿಗೆ ತಿಳಿಯುವುದಿಲ್ಲ. ಮದ್ಯವೂ ಹಾಗೆ. ಬೇಗ ಮಂಪರು ತರಿಸಿ, ನಡುರಾತ್ರಿಯ ನಂತರದ ನಿದ್ದೆಯನ್ನು ಚೂರು ಚೂರು ಮಾಡುತ್ತದೆ.

ಈಗ ಗಾದೆಯ ಚಿಂತೆಗೆ ಬರುತ್ತೇನೆ. ಚಿಂತೆಯನ್ನು ಬಿಡಿ ಎಂದು ಹೇಳುವುದು ವೈದ್ಯನಿಗೆ ಸುಲಭ, ಮಗಳ ಮದುವೆಗೆ ಸಾಲ ಮಾಡಿದವನಿಗೆ ಬಿಡುವುದು ಕಷ್ಟ. ಚಿಂತೆಗೆ ಹಾಸಿಗೆಯ ಹೊರಗೆ ಒಂದು ಹೊತ್ತು ಗೊತ್ತುಮಾಡಬಹುದು ಅಷ್ಟೆ. ಅಡಕೆ ತೋಟದವರೂ ಅಂಗಡಿಯವರೂ ರಾತ್ರಿ ಊಟಕ್ಕೆ ಮುಂಚೆ ಲೆಕ್ಕದ ಪುಸ್ತಕ ಬರೆದಿಡುವ ರೂಢಿಯಿತ್ತು. ಇವತ್ತು ಕೊಟ್ಟದ್ದು, ಬಂದದ್ದು, ನಾಳೆ ಯಾರಿಗೆ ಹೇಳಿಕಳಿಸಬೇಕು, ಯಾವ ಆಳು ಬರುತ್ತಾನೆ. ಬರೆದು ಪುಸ್ತಕ ಮುಚ್ಚಿದ ಮೇಲೆ ಅದು ಪುಸ್ತಕದ ಪಾಲು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 57 ಯುವಜನರು ಮಲಗುವ ಮುಂಚೆ ಐದು ನಿಮಿಷ ಬರೆದರು. ಮಾಡಿ ಮುಗಿಸಿದ್ದನ್ನು ಬರೆದವರಿಗಿಂತ, ಮುಂದೆ ಮಾಡಬೇಕಾದ್ದನ್ನು ಬರೆದವರಿಗೆ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹತ್ತಿತು. ಸಣ್ಣ ಪ್ರಯೋಗ, ಸಣ್ಣ ಲಾಭ. ಆದರೆ ಖರ್ಚಿಲ್ಲದ್ದು, ಕೆಡುಕಿಲ್ಲದ್ದು. ನನ್ನ ಬಳಿ ಬಂದವರಲ್ಲಿ ಇದರಿಂದ ಉಪಕಾರವಾದವರು ಬಹಳ ಮಂದಿ. ಭಜನೆ, ಜಪ, ನಮಾಜು, ಪ್ರಾರ್ಥನೆ ನಿಮ್ಮ ಮನೆಯಲ್ಲಿ ಏನಿದೆಯೋ ಅದು ಇರಲಿ. ಧ್ಯಾನದ ಬಗ್ಗೆ ಹೇಳುವುದಾದರೆ, ವಯಸ್ಸಾದಂತೆ ಕಡಿಮೆಯಾಗುವ ಗಾಢ ನಿದ್ದೆ ಬಹುಕಾಲ ಧ್ಯಾನ ಮಾಡಿದವರಲ್ಲಿ ಉಳಿದುಕೊಂಡಿರುವುದನ್ನು ನಮ್ಮ ನಿಮ್ಹಾನ್ಸ್‌ನ ಸಂಶೋಧಕರೇ 2006ರಲ್ಲಿ ದಾಖಲಿಸಿದ್ದಾರೆ.

ಇಷ್ಟೆಲ್ಲ ಮಾಡಿಯೂ ನಿದ್ದೆ ಬಾರದಿದ್ದರೆ? ಆಗ ಜನ ಮಾಡುವ ದೊಡ್ಡ ತಪ್ಪು, ಹಟ ಹಿಡಿದು ಮಲಗಿಯೇ ಇರುವುದು. ಹೆಪ್ಪು ಹಾಕಿದ ಹಾಲನ್ನು ಗಳಿಗೆಗೊಮ್ಮೆ ಮುಚ್ಚಳ ತೆಗೆದು ಅಲ್ಲಾಡಿಸಿ ನೋಡುತ್ತಿದ್ದರೆ ಮೊಸರು ಕಟ್ಟುವುದಿಲ್ಲ. ‘ಬಂತೇ, ಬಂತೇ’ ಎಂದು ಕಾಯುವವನ ನಿದ್ದೆಯೂ ಹಾಗೆ. ರಿಚರ್ಡ್ ಬೂಟ್‌ಜಿನ್ ಎಂಬ ಮನಶ್ಶಾಸ್ತ್ರಜ್ಞ 1972ರಲ್ಲಿ ಒಂದು ಸರಳ ವಿಧಾನ ಸೂಚಿಸಿದ. ನಿದ್ದೆ ತೂಗಿದಾಗ ಮಾತ್ರ ಹಾಸಿಗೆಗೆ ಹೋಗಿ. ಸ್ವಲ್ಪ ಹೊತ್ತಿನಲ್ಲಿ ಬರದಿದ್ದರೆ ಎದ್ದು ಬೇರೆ ಕಡೆ ಕೂತು, ಮಂದ ಬೆಳಕಿನಲ್ಲಿ ಏನಾದರೂ ಮಾಡಿ, ಮತ್ತೆ ತೂಕಡಿಕೆ ಬಂದಾಗ ಹೋಗಿ ಮಲಗಿ. ಎಷ್ಟೇ ಕಡಿಮೆ ನಿದ್ದೆಯಾಗಿರಲಿ, ಏಳುವ ಹೊತ್ತು ದಿನವೂ ಒಂದೇ ಇರಲಿ. ಹಾಸಿಗೆ ಕಂಡರೆ ನಿದ್ದೆ ನೆನಪಾಗಬೇಕು, ಗೋಳಾಟ ನೆನಪಾಗಬಾರದು ಎನ್ನುವುದು ಇದರ ತಿರುಳು. ಬೆಳಗ್ಗೆ ಎದ್ದೊಡನೆ ಚಾಪೆ ಸುತ್ತಿ, ಕಂಬಳಿ ಕೌದಿ ಮಡಚಿ ಮೂಲೆಗಿಟ್ಟು, ರಾತ್ರಿ ಮಲಗುವಾಗಲೇ ಬಿಚ್ಚುತ್ತಿದ್ದ ಮನೆಗಳಲ್ಲಿ ಈ ಶಿಸ್ತು ತಾನೇತಾನಾಗಿ ಇತ್ತು. ಹಗಲೆಲ್ಲ ಹಾಸಿಯೇ ಇರುವ ಮಂಚದ ಮೇಲೆ ಕೂತು ಉಣ್ಣುವ, ಓದುವ, ಲ್ಯಾಪ್‌ಟಾಪ್ ಹಿಡಿದು ಕೆಲಸ ಮಾಡುವ ಈಗಿನ ರೂಢಿ ಅದನ್ನು ತಪ್ಪಿಸಿದೆ. ಒಂದೇ ಕೋಣೆಯ ಮನೆಯವರು ಹಾಸಿಗೆ ಸುತ್ತಿಡುವುದನ್ನು ಬಡತನದ ಗುರುತೆಂದು ಎಣಿಸಬೇಕಿಲ್ಲ.

ಇಂಥ ಕ್ರಮಗಳನ್ನು ಒಟ್ಟುಗೂಡಿಸಿದ ಚಿಕಿತ್ಸೆಯನ್ನೇ ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕು, ಮಾತ್ರೆ ಆಮೇಲೆ ಎಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಶಿಫಾರಸು ಮಾಡಿತು. ನಮ್ಮಲ್ಲಿ ಇದು ತಲೆಕೆಳಗಾಗಿದೆ. ವೈದ್ಯರ ಚೀಟಿ ಇಲ್ಲದೆ ಮಾರಲೇಬಾರದ ಆಲ್ಪ್ರಜೋಲಾಂನಂಥ ಮಾತ್ರೆಯನ್ನು ಪಕ್ಕದ ಮನೆಯವರಿಂದ ಕೇಳಿ ನುಂಗುವವರಿದ್ದಾರೆ. ಅದು ಕೆಲವೇ ವಾರಗಳಲ್ಲಿ ಅಭ್ಯಾಸವಾಗುತ್ತದೆ, ವಯಸ್ಸಾದವರಲ್ಲಿ ಮರೆವನ್ನೂ ಬೀಳುವುದನ್ನೂ ಹೆಚ್ಚಿಸುತ್ತದೆ. ಹಾಗೆಂದು ಇವತ್ತೇ ತಟ್ಟನೆ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ ನಿಧಾನವಾಗಿ ಇಳಿಸಿ. ಇನ್ನೊಂದು ಎಚ್ಚರಿಕೆ. ಗಟ್ಟಿಯಾಗಿ ಗೊರಕೆ ಹೊಡೆಯುತ್ತಾ, ನಡುವೆ ಉಸಿರು ನಿಂತು ಮತ್ತೆ ಗಕ್ಕನೆ ಎಳೆದುಕೊಳ್ಳುವವರು, ಹಗಲು ಬಸ್ಸಿನಲ್ಲಿ ಕೂತಲ್ಲೇ ನಿದ್ದೆಹೋಗುವವರು ಈ ಉಪನ್ಯಾಸವನ್ನು ನಂಬಿ ಸುಮ್ಮನಿರಬಾರದು. ಅದು ಉಸಿರುಗಟ್ಟುವ ಕಾಯಿಲೆ. ಸಂಜೆಯ ಅಭ್ಯಾಸಗಳಿಂದ ಅದು ವಾಸಿಯಾಗದು. ಪರೀಕ್ಷೆ ಬೇಕು, ಚಿಕಿತ್ಸೆಯಿದೆ.

ಇಲ್ಲಿಯವರೆಗೆ ಹೇಳಿದ್ದು ಸಂಜೆಯೆಂಬುದು ಯಾರ ಕೈಯಲ್ಲಿದೆಯೋ ಅವರಿಗೆ. ಅದು ಕೈಯಲ್ಲಿಲ್ಲದವರ ಬಗ್ಗೆ ಮಾತಾಡದೆ ಈ ವಿಷಯ ಮುಗಿಸಿದರೆ ಅನ್ಯಾಯವಾಗುತ್ತದೆ.

ನಮ್ಮ ಎಷ್ಟೋ ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ರಾತ್ರಿ ಪಾಳಿ ಬಂದ ದಿನ ರೈತ ಬ್ಯಾಟರಿ ಹಿಡಿದು ಹೊಲಕ್ಕೆ ನಡೆಯಬೇಕು. ಹಾವಿನ ಭಯ ಒಂದು ಕಡೆ, ಮೋಟಾರು ಸುಟ್ಟೀತೆಂಬ ಭಯ ಇನ್ನೊಂದು ಕಡೆ. ಅವನಿಗೆ ಹಳದಿ ಬಲ್ಬಿನ ಉಪದೇಶ ಮಾಡಲು ನನಗೆ ನಾಲಿಗೆ ಏಳದು. ಅವನಿಗೆ ಬೇಕಾದದ್ದು ಹಗಲು ಕರೆಂಟು. ಬೆಂಗಳೂರಿನಲ್ಲಿ ಅಮೆರಿಕದ ಹಗಲಿಗೆ ಹೊಂದಿಕೊಂಡು ರಾತ್ರಿಯಿಡೀ ಕೆಲಸ ಮಾಡುವ ಸಾವಿರಾರು ಯುವಕ ಯುವತಿಯರಿದ್ದಾರೆ. ಆಸ್ಪತ್ರೆಯ ನರ್ಸುಗಳು, ಕೆಎಸ್‌ಆರ್‌ಟಿಸಿ ಚಾಲಕರು, ಕಾವಲುಗಾರರಿದ್ದಾರೆ. ರಾತ್ರಿ ಪಾಳಿಯ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗಕ್ಕೆ ಸೇರಿಸಿತು, 2019ರಲ್ಲಿ ಅದನ್ನೇ ಎತ್ತಿಹಿಡಿಯಿತು. ಅವರಿಗೆ ನಾವು ಕೊಡಬಹುದಾದದ್ದು ಹಗಲು ಮಲಗಲು ಒಂದು ಕತ್ತಲ ಕೋಣೆ, ಮನೆಯವರ ಮೌನ, ವಾರಕ್ಕೊಮ್ಮೆ ಅಡ್ಡಾದಿಡ್ಡಿ ಬದಲಾಗದ ಪಾಳಿ.

ಹಾಗೆಂದು ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಬೆಳಗಿನವರೆಗೆ ಬಯಲಾಟ ನೋಡಿದರೆ ಆರೋಗ್ಯ ಕೆಡುವುದಿಲ್ಲ. ಸಂತೋಷದಿಂದ ಕಳೆದ ಒಂದು ಇರುಳನ್ನು ದೇಹ ಬೇಗನೆ ತೂಗಿಸಿಕೊಳ್ಳುತ್ತದೆ. ದಿನವೂ ಒಂದೊಂದು ಗಂಟೆ ಕಿತ್ತುಕೊಳ್ಳುವುದು ಅಪಾಯ. ಅದನ್ನು ನಾವು ಮಾಡುತ್ತಿರುವುದು ಮಕ್ಕಳಿಗೆ. ಹದಿಮೂರರಿಂದ ಹದಿನೆಂಟರ ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಆ ವಯಸ್ಸಿನಲ್ಲಿ ಒಳಗಡಿಯಾರ ಸಹಜವಾಗಿಯೇ ತಡವಾಗುತ್ತದೆ. ರಾತ್ರಿ ಹನ್ನೊಂದರವರೆಗೆ ಓದಿಸಿ ಬೆಳಗ್ಗೆ ಐದೂವರೆಗೆ ಟ್ಯೂಷನ್ನಿಗೆ ಕಳಿಸುವ ತಂದೆ ತಾಯಿ ಇದನ್ನು ಕೇಳಿಸಿಕೊಳ್ಳಬೇಕು. ಓದಿದ್ದು ಮನಸ್ಸಿನಲ್ಲಿ ನೆಲೆಯೂರುವುದು ನಿದ್ದೆಯಲ್ಲಿ. ಭಾರತದಲ್ಲಿ ಹೊತ್ತು ಒಂದು ಗಂಟೆ ತಡವಾಗಿ ಮುಳುಗುವ ಕಡೆ ಮಕ್ಕಳ ನಿದ್ದೆ ಅರ್ಧ ಗಂಟೆಯಷ್ಟು ಕಡಿಮೆಯಾಗುತ್ತದೆ, ಏಕೆಂದರೆ ಶಾಲೆಯ ಗಂಟೆ ಎಲ್ಲೆಡೆಯೂ ಒಂದೇ ಎಂದು ಅರ್ಥಶಾಸ್ತ್ರಜ್ಞ ಮೌಲಿಕ್ ಜಗ್ನಾನಿ ತೋರಿಸಿದ್ದಾರೆ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಮಂಗಳೂರಿನಲ್ಲಿ ಸೂರ್ಯ ಅದಕ್ಕಿಂತ ಸುಮಾರು ಅರ್ಧ ಗಂಟೆ ಹಿಂದೆ ಇರುತ್ತಾನೆ. ಕರಾವಳಿಯ ಶಾಲೆಗಳ ವೇಳೆಯನ್ನು ನಿಗದಿ ಮಾಡುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸದ್ದಿನ ವಿಷಯದಲ್ಲಿ ಕಾನೂನು ನಮ್ಮ ಜೊತೆಗಿದೆ. 2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ಅವಕಾಶವಿಲ್ಲ, ವಿನಾಯಿತಿ ಕೆಲವೇ ದಿನಗಳಿಗೆ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ದೆಹಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದ ಪ್ರತಿಭಟನಾಕಾರರನ್ನು ನಡುರಾತ್ರಿ ಎಬ್ಬಿಸಿ ಓಡಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ತೀರ್ಪು ಕೊಡುವಾಗ ನಿದ್ದೆಯನ್ನು ಬದುಕುವ ಹಕ್ಕಿನ ಭಾಗವೆಂದೇ ಕಂಡಿತು. ಹಕ್ಕು ಕಾಗದದಲ್ಲಿದೆ. ಹತ್ತರ ನಂತರ ಮೈಕು ಆರಿಸುವ ಮನಸ್ಸು ನಮ್ಮ ಗಣೇಶೋತ್ಸವದಲ್ಲೂ, ಮದುವೆ ಮನೆಯಲ್ಲೂ, ಎಲ್ಲ ಧರ್ಮಗಳ ಉತ್ಸವಗಳಲ್ಲೂ ಬರಬೇಕು.

ಕೊನೆಯದಾಗಿ, ಮನೆಯೊಳಗಿನ ಮಾತು. ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಮಲಗುವವರು ಯಾರು? ಪಾತ್ರೆ ತೊಳೆದು, ಒಲೆಕಟ್ಟೆ ಒರೆಸಿ, ಹಾಲಿಗೆ ಹೆಪ್ಪಿಟ್ಟು, ನಾಳೆಯ ಕಾಳು ನೆನೆಹಾಕಿ, ಹಿತ್ತಲ ಬಾಗಿಲ ಚಿಲಕ ನೋಡಿ ಮಲಗುವವರು ಬಹುಪಾಲು ಮನೆಗಳಲ್ಲಿ ತಾಯಿಯೋ ಸೊಸೆಯೋ. ಎಲ್ಲರಿಗಿಂತ ಮೊದಲು ಏಳುವವರೂ ಅವರೇ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 299 ನಿಮಿಷ ಅದಕ್ಕೆ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಮನೆಯ ಉಳಿದವರ ನೆಮ್ಮದಿಯ ಸಂಜೆ ಆ ಮೂರು ಗಂಟೆಗೂ ಮಿಕ್ಕಿದ ಅಂತರದ ಮೇಲೆ ನಿಂತಿದೆ. ಅಂಗಾಲಿಗೆ ಎಣ್ಣೆ, ಮಂದ ಬೆಳಕು, ಲೆಕ್ಕದ ಪುಸ್ತಕ ಇವೆಲ್ಲ ಆ ತಾಯಿಗೂ ಸೊಸೆಗೂ ಸಲ್ಲಬೇಕಾದವು.

ಇಲ್ಲಿ ಕೂತಿರುವ ಗಂಡಸರಲ್ಲಿ ನನ್ನದೊಂದು ಕೋರಿಕೆ. ಇವತ್ತು ಮನೆಗೆ ಹೋಗಿ ಉಂಡ ಮೇಲೆ ಅಡುಗೆಮನೆಗೆ ನೀವು ಹೋಗಿ. ಪಾತ್ರೆ ತೊಳೆಯಿರಿ, ಕಟ್ಟೆ ಒರೆಸಿರಿ, ದೀಪ ಆರಿಸಿರಿ. ನಾಳೆಯೂ ಹಾಗೆಯೇ ಮಾಡಿ. ಅವರು ಮೊದಲು ಮಲಗಲಿ.